ಲಕೋಟೆ ಬಿಟ್ಟು ಕಾರ್ಡು ಹಿಡಿದಾಕೆ

ಕರೂರಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಭತ್ತದ ನಾಟಿಗೆ ಹೋಗುತ್ತಿದ್ದಳು. ಮಗಳು ಬಳ್ಳಾರಿಯ ಹಾಸ್ಟೆಲಿನಲ್ಲಿದ್ದಳು. ಅಲ್ಲಿ ಫೋನ್ ಇಟ್ಟುಕೊಳ್ಳುವಂತಿರಲಿಲ್ಲ. ಪ್ರತಿ ಭಾನುವಾರ ಆಕೆ ಕೈಯ ಕೆಸರು ತೊಳೆದು, ಹೊಸ್ತಿಲ ಮೇಲೆ ಕೂತು ಮಗಳಿಗೆ ಕಾಗದ ಬರೆಯುತ್ತಿದ್ದಳು. ಹೊಸ್ತಿಲ ಮೇಲೆ ಕೂರಬಾರದು ಎಂದು ನಾನು ಹೇಳಿದರೆ, “ಬೆಳಕು ಇಲ್ಲೇ ಐತಲ್ಲಕ್ಕ” ಎನ್ನುತ್ತಿದ್ದಳು.

ಒಮ್ಮೆ ರಜೆಗೆ ಬಂದ ಮಗಳು ಅತ್ತಳು. ವಾರ್ಡನ್ ಮೇಡಂ ಲಕೋಟೆ ಒಡೆದು ಓದಿ, ಮನಸ್ಸು ಬಂದರಷ್ಟೇ ಕೊಡುತ್ತಿದ್ದರಂತೆ.

ನಾನು ಅಂಜುಬುರುಕಿ, ನಿಮಗೆ ಗೊತ್ತಲ್ಲ ಮಕ್ಕಳೇ. “ಬರಿಯೋದು ಬಿಟ್ಟುಬಿಡವ್ವಾ, ಮೇಡಂ ಸಿಟ್ಟಾಗ್ತಾರ” ಎಂದೆ.

“ಯಾಕ ಬಿಡ್ಲಕ್ಕ? ಅವ್ವ ಮಗಳಿಗೆ ಹೇಳೋ ಮಾತು ಕದ್ದ ಮಾಲೇನು?”

ಮಗಳು ಹಾಸ್ಟೆಲಿಗೆ ಮರಳಿದ ಮರುವಾರದಿಂದ ಆಕೆ ಲಕೋಟೆ ಬಿಟ್ಟು, ಎಲ್ಲರೂ ಓದಲೆಂದು ಅಂಚೆ ಕಾರ್ಡಿನ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಯತೊಡಗಿದಳು. ಮೊದಲ ಸಾಲು ಹೀಗಿತ್ತು: “ಮೇಡಮ್ಮಾರ, ಓದಿದ್ದಾದ ಮ್ಯಾಲೆ ನನ್ನ ಮಗಳಿಗೆ ಕೊಡ್ರಿ. ಮುಂದಿನ ವಾರಾನೂ ಬರೀತೀನಿ.”