ಎರಡನೆಯ ಸಲದ ಪ್ರಮಾಣವಚನ

ಅವರ ಹುಬ್ಬುಗಳು ಬೆಳ್ಳಗೆ, ಉದ್ದಕ್ಕೆ ಬೆಳೆದು ಕನ್ನಡಕದ ಗಾಜನ್ನು ಒಳಗಿನಿಂದ ಸವರುತ್ತಿದ್ದವು. ಶಿಕಾಗೋ ಹತ್ತಿರದ ಶಾಮ್‌ಬರ್ಗಿನ ಮಾಲ್‌ನಲ್ಲಿ ಎರಡು ಸುತ್ತು ನಡೆದು ಬೆಂಚಿನ ಮೇಲೆ ಕೂತರೆಂದರೆ, ಜೇಬಿನಿಂದ ಪುಟ್ಟ ಬಾಚಣಿಗೆ ತೆಗೆದು ಹುಬ್ಬು ಬಾಚಿಕೊಳ್ಳುತ್ತಿದ್ದರು. ತಲೆಯಲ್ಲಿ ಬಾಚಲು ಏನೂ ಉಳಿದಿರಲಿಲ್ಲ. ನನಗೆ ತಲೆಗೂದಲೂ ಇಲ್ಲ, ಹುಬ್ಬೂ ಅಷ್ಟಕ್ಕಷ್ಟೆ. ನನ್ನ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಯಿತು ಎಂದರೆ ನಗಬೇಡಿ.

ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿ ಇರುವಾಗ ನಮ್ಮಂಥ ಮುದುಕರಿಗೆ ಮಾಲೇ ಮೈದಾನ. ಅಲ್ಲಿ ಎಲ್ಲರೂ ಅವರನ್ನು ಜಡ್ಜ್ ಸಾಹೇಬರು ಎನ್ನುತ್ತಿದ್ದರು. ಪಾಕಿಸ್ತಾನದ ಒಂದು ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು; ಅವರ ಮಗನ ಮನೆ ನನ್ನ ಮಗಳ ಬಡಾವಣೆಯಲ್ಲೇ ಇತ್ತು. ನಾನೂ ಉತ್ತರ ಕರ್ನಾಟಕದ ಜಿಲ್ಲಾ ಕೋರ್ಟುಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಪೀಠದ ಮೇಲೆ ಕೂತವನು. ನನ್ನನ್ನು ಮಾತ್ರ ಎಲ್ಲರೂ ಅಂಕಲ್ ಎನ್ನುತ್ತಿದ್ದರು. ನಡೆಯಲು ಬರುವವರಲ್ಲಿ ಇಬ್ಬರು ಜಗಳಾಡಿದರೆ ತೀರ್ಮಾನಕ್ಕೆ ಅವರ ಬೆಂಚಿಗೇ ಹೋಗುತ್ತಿದ್ದರು. ಅವರೋ, ಸ್ವಂತ ಸೊಸೆ ಮಗನ ಮೇಲೆ ದೂರು ಹೇಳಿದರೂ, ಇನ್ನೊಂದು ಕಡೆಯವರೂ ಬರಲಿ ಎಂದು ಸುಮ್ಮನೆ ಕೂರುವ ಪೈಕಿ.

ಅವರ ದೊಡ್ಡಸ್ತಿಕೆಗೆ ಕಾರಣವಿತ್ತು. ಅವರ ದೇಶದ ಜನರಲ್ ತುರ್ತುಪರಿಸ್ಥಿತಿ ಸಾರಿ, ಸಂವಿಧಾನವನ್ನು ಅಮಾನತ್ತಿನಲ್ಲಿಟ್ಟು, ನ್ಯಾಯಾಧೀಶರೆಲ್ಲ ತನ್ನ ಆಜ್ಞೆಗೆ ಬದ್ಧರಾಗಿ ಹೊಸದಾಗಿ ಪ್ರಮಾಣವಚನ ತೆಗೆದುಕೊಳ್ಳಬೇಕು ಎಂದಿದ್ದ. ತೆಗೆದುಕೊಂಡವರಿಗೆ ಕುರ್ಚಿ, ಉಳಿದವರು ಮನೆಗೆ. ಇವರು ಹೋಗಲಿಲ್ಲ. ತಿಂಗಳುಗಟ್ಟಲೆ ಇವರ ಗೇಟಿಗೆ ಪೊಲೀಸರು ನಿಂತಿದ್ದರಂತೆ. ಈ ಕತೆಯನ್ನು ಅವರಾಗಿ ಯಾವತ್ತೂ ಹೇಳಲಿಲ್ಲ, ಬೇರೆಯವರು ಹೇಳುವುದನ್ನು ನಾನು ಹತ್ತು ಸಲ ಕೇಳಿದೆ. ಹತ್ತು ಸಲವೂ ಎದ್ದು ಇನ್ನೊಂದು ಸುತ್ತು ನಡೆಯಲು ಹೋದೆ.

ಮೊಮ್ಮಗಳಿಗೆ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ಸಂವಿಧಾನ ನಿಂತುಹೋದ ದೇಶದಲ್ಲಿ ಬದುಕಿದವರನ್ನು ಮಾತಾಡಿಸಿ ಬರೆಯಬೇಕು. ಅವಳು ಜಡ್ಜ್ ಸಾಹೇಬರನ್ನು ಆರಿಸಿಕೊಂಡಳು. ಅದು ಸರಿಯೇ. ಆದರೆ ಅವಳ ಮನೆಯಲ್ಲೇ ಒಬ್ಬ ನ್ಯಾಯಾಧೀಶ ದಿನಾ ಅವಳ ಎದುರಿಗೇ ಊಟ ಮಾಡುತ್ತಿದ್ದಾನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲವಲ್ಲ ಎಂದು ಕುದ್ದುಹೋದೆ. ಜಡ್ಜ್ ಸಾಹೇಬರು ನಮ್ಮ ಮನೆಗೆ ಬಂದ ದಿನ ಮಗಳು, "ಅಪ್ಪಾ, ನೀವೂ ಕೂತ್ಕೋರಿ, ನಿಮಗೂ ಇಂಟರೆಸ್ಟಿಂಗ್ ಇರತದ" ಎಂದು ಸಮಾಧಾನ ಮಾಡಿದಳು. ಆಮೇಲೆ ಚಹಾದ ತಟ್ಟೆಯನ್ನು ನನ್ನ ಕೈಗೇ ಕೊಟ್ಟಳು.

ನಾನು ಸುಮ್ಮನೆ ಕೂರುವವನಲ್ಲ. ವಾರವಿಡೀ ಟ್ಯಾಬ್ಲೆಟ್ ಹಿಡಿದು ಅವರ ದೇಶದ ಹಳೆಯ ಪತ್ರಿಕೆಗಳನ್ನು ಜಾಲಾಡಿದ್ದೆ, ಬೇಕಾದದ್ದು ಸಿಕ್ಕಿತ್ತು. ಮೊಮ್ಮಗಳು ರೆಕಾರ್ಡಿಂಗ್ ಹಾಕಿ ಎರಡು ಪ್ರಶ್ನೆ ಕೇಳಿದ್ದಳಷ್ಟೆ, ನಾನು ಬಾಯಿ ಹಾಕಿದೆ. ಆ ತುರ್ತುಪರಿಸ್ಥಿತಿಗೆ ಏಳು ವರ್ಷ ಮೊದಲೂ ಅದೇ ಜನರಲ್ ಇಂಥದೇ ಪ್ರಮಾಣವಚನ ಕೇಳಿದ್ದನಲ್ಲ, ಆಗ ತಾವು ತೆಗೆದುಕೊಂಡಿರಲ್ಲವೇ ಎಂದೆ. ದನಿಯಲ್ಲಿ ಸಕ್ಕರೆ ಬೆರೆಸಿಯೇ ಕೇಳಿದೆ.

ನಾವಿಬ್ಬರೂ ಮಾತಾಡುತ್ತಿದ್ದದ್ದು ಹಿಂದಿ, ಉರ್ದು, ಇಂಗ್ಲಿಷ್ ಕಲಸಿದ ಭಾಷೆ. ಅವರು ಅದರಲ್ಲೇ ಸಾವಕಾಶವಾಗಿ ಹೇಳಿದರು: "ಹೌದು, ತೆಗೆದುಕೊಂಡೆ. ಹೆಂಡತಿ ಶೇರ್ವಾನಿ ಇಸ್ತ್ರಿ ಮಾಡಿಕೊಟ್ಟಳು, ಹಾಕಿಕೊಂಡು ಹೋದೆ. ತಿರುಗಿ ಬಂದ ಮೇಲೆ ಅವಳು ಏನೂ ಕೇಳಲಿಲ್ಲ. ಏಳು ವರ್ಷ ಕೇಳಲಿಲ್ಲ. ಎರಡನೆಯ ಸಲ ಕರೆ ಬಂದಾಗಲೂ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟಿದ್ದಳು. ಅದು ಬೇಡ, ಊಟ ಬಡಿಸು ಅಂದೆ." ಆಮೇಲೆ ಮೊಮ್ಮಗಳ ಕಡೆ ತಿರುಗಿದರು. "ಬರಿ ಮಗಳೇ. ಮೊದಲು ಇದನ್ನೇ ಬರಿ."

ಅವರನ್ನು ಕೆಳಗಿಳಿಸಲು ಹೋದವನು ನಾನು. ಅವರು ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗಿ ಕೂತರು. ಅಷ್ಟು ಹೊತ್ತಿಗೆ ಮೊಮ್ಮಗಳು ನನ್ನತ್ತ ನೋಡಿ, "ಅಜ್ಜಾ, ಡಿಡ್ ಎನಿವನ್ ಎವರ್ ಆಸ್ಕ್ ಯು?" ಎಂದಳು. ಇಲ್ಲವ್ವಾ, ನಮ್ಮಲ್ಲಿ ಅಂಥದೆಲ್ಲ ಇರಲಿಲ್ಲ ಎಂದೆ. ಜಡ್ಜ್ ಸಾಹೇಬರು ಚಹಾ ಊದುತ್ತ ಕುಡಿದರು. ನನ್ನ ಮುಖ ನೋಡಲಿಲ್ಲ. ಅದು ಅವರ ದೊಡ್ಡತನ, ಅದಕ್ಕೂ ನನಗೆ ಕಿಚ್ಚೇ.

ಸುಳ್ಳು ಹೇಳಿದ್ದೆ. ನಾನು ಒಂದು ಜಿಲ್ಲೆಯಲ್ಲಿ ಇದ್ದಾಗ, ಮೆರವಣಿಗೆ ಹೊರಡಿಸಿದ್ದಕ್ಕೆ ಒಬ್ಬ ಶಾಲಾ ಮಾಸ್ತರನ್ನು ಒಳಗೆ ಹಾಕಿದ್ದರು. ಕೇಸಿನಲ್ಲಿ ಹುರುಳಿರಲಿಲ್ಲ, ಮರುದಿನ ಜಾಮೀನು ಕೊಡುವವನಿದ್ದೆ. ಸಂಜೆ ಮೇಲಿನವರೊಬ್ಬರ ಫೋನ್ ಬಂತು. ಸ್ವಲ್ಪ ಮುಂದೆ ಹಾಕಿದರೆ ಒಳ್ಳೆಯದು ಎಂದರು, ಅಷ್ಟೆ. ನಾನು ಮೂರು ವಾರ ಮುಂದೆ ಹಾಕಿದೆ. ನನ್ನ ಗೇಟಿಗೆ ಪೊಲೀಸರಿರಲಿಲ್ಲ, ಯಾವ ಜನರಲ್ಲೂ ಇರಲಿಲ್ಲ, ಸಂವಿಧಾನ ನೆಟ್ಟಗೇ ಇತ್ತು. ಆ ಮಾಸ್ತರು ಮಾತ್ರ ಮೂರು ವಾರ ಜೈಲಿನಲ್ಲಿದ್ದರು. ಇನ್ನೊಂದು ಫೋನ್ ಬಂದರೆ ಒಲ್ಲೆ ಎನ್ನಬೇಕೆಂದು ಆಮೇಲೆ ಎಷ್ಟೋ ವರ್ಷ ಕಾದೆ. ಬರಲಿಲ್ಲ, ನಿವೃತ್ತನಾದೆ. ಜಡ್ಜ್ ಸಾಹೇಬರಿಗೆ ಎರಡನೆಯ ಸಲ ಒದಗಿತು. ನನ್ನ ಹೊಟ್ಟೆಕಿಚ್ಚೆಲ್ಲ ನಿಜವಾಗಿ ಅದಕ್ಕೇ ಇತ್ತು.

ಈ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಬೆಂಚಿಗೆ ಬರುತ್ತಿದ್ದವರೆಲ್ಲ ದಫನಿಗೆ ಹೋದೆವು, ಹಿಮ ಅಗೆದು ದಾರಿ ಮಾಡಿದ್ದರು. ಮನೆಗೆ ವಾಪಸು ಬರುವಾಗ ಮೊಮ್ಮಗಳು ಡ್ರೈವ್ ಮಾಡುತ್ತಿದ್ದಳು. ಅವರು ಚಹಾ ಊದುತ್ತ ಕೂತಿದ್ದದ್ದೇ ಕಣ್ಣಮುಂದೆ ಬರುತ್ತಿತ್ತು. ಅವರು ಅವತ್ತು ಅವಳೆದುರು ಹಾಗೆ ಹೇಳದಿದ್ದರೆ ನಾನು ಈ ಜನ್ಮದಲ್ಲಿ ಬಾಯಿ ಬಿಡುತ್ತಿರಲಿಲ್ಲ.

"ನಂಗೂ ಒಂದು ಫೋನ್ ಬಂದಿತ್ತವ್ವಾ," ಎಂದೆ. "ನಾ ಹೂಂ ಅಂದುಬಿಟ್ಟೆ."

ಎಲ್ಲವನ್ನೂ ಹೇಳಿದೆ. ಅವಳು ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ವಾಟ್ ವಾಸ್ ಹಿಸ್ ನೇಮ್, ಅಜ್ಜಾ?" ಎಂದಳು.

ಮಾಸ್ತರರ ಹೆಸರು. ಹೈವೇ ಮೇಲೆ ನಮ್ಮ ಎಕ್ಸಿಟ್ ಬರುವ ತನಕ ಯೋಚಿಸಿದೆ, ನೆನಪಾಗಲಿಲ್ಲ.