ಹೆಣಕ್ಕೆ ಹಳೇ ಸೆಲ್ಲು

ಇವತ್ತು ಮಗಳ ಆಟಿಕೆಯ ಸೆಲ್ಲನ್ನು ಚಾರ್ಜರಿನಿಂದ ತೆಗೆದೆ. ಆ ಕಾದ ಪ್ಲಾಸ್ಟಿಕ್ಕಿನ ವಾಸನೆಗೆ ಮಾಗಡಿಯ ದೊಡ್ಡಪ್ಪನ ಫೋಟೋ ಸ್ಟುಡಿಯೊ ನೆನಪಾಯಿತು.

ಫ್ಲ್ಯಾಶಿಗೆ ಹಾಕುವ ಚಾರ್ಜಿಂಗ್ ಸೆಲ್ಲುಗಳನ್ನು ದೊಡ್ಡಪ್ಪ ನಾಲ್ಕು ನಾಲ್ಕಾಗಿ ರಬ್ಬರ್ ಬ್ಯಾಂಡ್ ಸುತ್ತಿಡುತ್ತಿದ್ದ. ನಾಲ್ಕರಲ್ಲಿ ಒಂದು ಸೊರಗಿದರೂ ಫ್ಲ್ಯಾಶ್ ಹೊತ್ತುತ್ತಿರಲಿಲ್ಲ. ಫ್ಯಾಕ್ಟರಿಗೆ ಜಮೀನು ಮಾರಿ ದುಡ್ಡು ಕಂಡವರ ಮದುವೆಗೆ ಹೊಸ ಸೆಲ್ಲು, ಬಡವರ ಮನೆಗೆ ಚಾರ್ಜು ನಿಲ್ಲದವು.

ಒಮ್ಮೆ ಕೂಲಿ ಹೆಂಗಸೊಬ್ಬಳ ಕೂಸು ಜ್ವರದಲ್ಲಿ ತೀರಿಕೊಂಡಿತು. ಅದರದ್ದೊಂದೂ ಫೋಟೋ ಇರಲಿಲ್ಲ. ತೆಗೆಯಲು ಹೊರಟ, ಸ್ಟುಡಿಯೊದಲ್ಲೇ ಕೆಲಸಕ್ಕಿದ್ದ ನಮ್ಮಪ್ಪ ಹೊಸ ಸೆಲ್ಲು ಕೇಳಿದರೆ, "ಹೆಣಕ್ಕೆ ಹಳೇವು ಸಾಕು ಕಣ್ಲಾ" ಎಂದ ದೊಡ್ಡಪ್ಪ.

ಕತ್ತಲ ಗುಡಿಸಲಲ್ಲಿ ಫ್ಲ್ಯಾಶ್ ಹೊತ್ತಲೇ ಇಲ್ಲ. ಕೂಸಿನ ಗಲ್ಲ ಎತ್ತಿ ಹಿಡಿದು ಅವಳು ಕಾಯುತ್ತಲೇ ಇದ್ದಳಂತೆ. ಅಪ್ಪ ಹಾಗೇ ಕ್ಲಿಕ್ಕಿಸಿ ಬಂದ.

ಮಣ್ಣು ಮಾಡಿದ ಮೇಲೆ ಅವಳು ಫೋಟೋ ಕೇಳಿಕೊಂಡು ಸ್ಟುಡಿಯೊಗೆ ಬಂದಳು. ನಾನು ಅಲ್ಲೇ ಕೂತು ಹೋಂವರ್ಕ್ ಬರೆಯುತ್ತಿದ್ದೆ. ಫೋಟೋ ಪೂರಾ ಕಪ್ಪು. ಕೆಟ್ಟ ಫೋಟೋಗೆಲ್ಲ ಹೇಳುತ್ತಿದ್ದ ಮಾತನ್ನೇ ದೊಡ್ಡಪ್ಪ ಅವಳಿಗೂ ಹೇಳಿದ: "ಏನ್ ಮಾಡಾನವ್ವ, ನಿನ್ ಕೂಸು ಅಲ್ಲಾಡ್ಬುಡ್ತು."

ಅವಳ ಮುಖ ಬಿಳಿಚಿಕೊಂಡಿತು. "ಅಲ್ಲಾಡ್ತಾ? ಮಣ್ಣು ಮಾಡ್ಬುಟ್ವಲ್ಲಣ್ಣಾ!"

"ಸುಳ್ಳು ಕಣವ್ವ, ಸೆಲ್ಲು ಹೋಗಿತ್ತು" ಎಂದು ಅಪ್ಪ ಕೂಗುತ್ತಲೇ ಇದ್ದ. ಅವಳಾಗಲೇ ಸ್ಮಶಾನದ ದಾರಿಯಲ್ಲಿ ಓಡುತ್ತಿದ್ದಳು.

ದೊಡ್ಡಪ್ಪ ಈಗ ಹಣ್ಣು ಮುದುಕ. ನೆಂಟರು ಬಂದರೆ ಈ ಕತೆ ಹೇಳಿ ಈಗಲೂ ನಗುತ್ತಾನೆ.