ರಾಣಿ ಬಿದ್ದ ಮಧ್ಯಾಹ್ನ

ನಮ್ಮಕ್ಕನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನನ್ನದು ಒಂದೇ ಉತ್ತರ: ಚುಕ್ಕೆ ಕಾಯುವುದು. ಇಂಟರ್ನೆಟ್ ಕೊಡುವ ಸಣ್ಣ ಕಂಪನಿಯೊಂದರ ಎರಡನೇ ಮಹಡಿಯಲ್ಲಿ ಒಂದು ಕೋಣೆ. ಗೋಡೆ ತುಂಬ ಪರದೆ, ಪರದೆ ತುಂಬ ಹಸಿರು ಚುಕ್ಕೆ. ಒಂದೊಂದು ಚುಕ್ಕೆಯೂ ಊರಿನ ಯಾವುದೋ ಮೂಲೆಯಲ್ಲಿರುವ ಒಂದೊಂದು ರೌಟರ್, ಅಂದರೆ ಆ ಸುತ್ತಿನ ಮನೆಗಳಿಗೆಲ್ಲ ಇಂಟರ್ನೆಟ್ ಹಂಚುವ ಪೆಟ್ಟಿಗೆ. ಹಸಿರಿದ್ದರೆ ಸರಿ, ಹಳದಿಯಾದರೆ ಹುಷಾರು, ಕೆಂಪಾದರೆ ಕಥೆ ಮುಗಿಯಿತು. ನಾನು ದರ್ಜಿ. ದಿನವಿಡೀ ಮೆಷಿನ್ ತುಳಿಯುವವನಿಗೆ, ಕುರ್ಚಿಯಲ್ಲಿ ಕೂತು ಚುಕ್ಕೆ ನೋಡುವುದೂ ಒಂದು ಕೆಲಸವೇ ಅನ್ನಿಸಿದರೆ ತಪ್ಪೇನು? ಅಕ್ಕನಿಗೆ ಇದನ್ನು ಮುಖಕ್ಕೇ ಹೇಳಿದ್ದೇನೆ, ಅವಳು ತಲೆಗೆ ಮೊಟಕಿದ್ದಾಳೆ.

ಅವಳು ಅಲ್ಲಿಗೆ ಸೇರಿದ್ದು ದೂರು ಕೇಳುವ ಫೋನಿಗೆ. ಬೈಯುವವರ ಬೈಗುಳವನ್ನು ಕಿವಿಗೆ ಹಾಕಿಕೊಳ್ಳುವುದೇ ಉದ್ಯೋಗ. ಆ ಕಂಪನಿಯವರ ಮಾತಿನಲ್ಲಿ ರೌಟರ್ ಕೆಲಸ ನಿಲ್ಲಿಸಿದರೆ 'ಬಿತ್ತು', ಮತ್ತೆ ಶುರುವಾದರೆ 'ಎದ್ದಿತು'. ಹೊಸದರಲ್ಲಿ ಒಬ್ಬ ಅಂಗಡಿಯವನಿಗೆ ಅಕ್ಕ ಬಹಳ ವಿನಯದಿಂದ, ನಿಮ್ಮ ಬೀದಿಯ ರೌಟರ್ ಬಿದ್ದಿದೆ ಅಂದಳಂತೆ. ಆ ಪುಣ್ಯಾತ್ಮ ಏಣಿ ತಂದು ಹತ್ತಿ ನೋಡಿ, ಏನೂ ಬಿದ್ದಿಲ್ಲ, ಮೊಳೆ ಗಟ್ಟಿಯಾಗೇ ಇದೆ, ಯಾರಿಗೆ ಕಿವಿ ಮೇಲೆ ಹೂ ಇಡ್ತೀರಿ ಅಂತ ಜಗಳಕ್ಕೇ ನಿಂತನಂತೆ. ಇದನ್ನು ಹೇಳುವಾಗೆಲ್ಲ ಅಕ್ಕ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಳ್ಳುತ್ತಾಳೆ.

ಆಮೇಲೆ ಅವಳನ್ನು ಪರದೆಯ ಮುಂದೆ ಕೂರಿಸಿದರು. ಅಲ್ಲಿನ ಯಂತ್ರ ಗಳಿಗೆಗೊಮ್ಮೆ ಎಲ್ಲ ರೌಟರುಗಳನ್ನೂ 'ಇದ್ದೀಯಾ?' ಅಂತ ಕೂಗಿ ಕೇಳುತ್ತದಂತೆ. ರೌಟರ್ 'ಇದ್ದೀನಿ' ಅಂದರೆ ಚುಕ್ಕೆ ಹಸಿರು. ಉಳಿದವರು ಅಷ್ಟು ನೋಡಿ ಹರಟೆಗೆ ಕೂರುತ್ತಾರೆ. ಅಕ್ಕನದು ಬೇರೆಯೇ ಪಾಠ. ಇದ್ದೀನಿ ಅನ್ನುವುದೇ ಬೇರೆ, ಚೆನ್ನಾಗಿದ್ದೀನಿ ಅನ್ನುವುದೇ ಬೇರೆ ಅಂತ ಅವಳು ಒಂದೊಂದು ಚುಕ್ಕೆಯನ್ನೂ ಬಿಚ್ಚಿ ನೋಡುತ್ತಾಳೆ. ಮೈ ಎಷ್ಟು ಬಿಸಿಯಾಗಿದೆ, ಮೆಮೊರಿ ಎಷ್ಟು ತುಂಬಿದೆ, ದಾರಿಯಲ್ಲಿ ಎಷ್ಟು ಮಾಹಿತಿ ಚೆಲ್ಲಿಹೋಗುತ್ತಿದೆ, ಎಲ್ಲವೂ ಬೇಕು. ಬಾಗಿಲಲ್ಲಿ ನಕ್ಕು ಕರೆದರೂ ನಂಬದೆ ನೇರ ಅಡುಗೆಮನೆಗೇ ನುಗ್ಗಿ ನೋಡುವ ಅತ್ತೆಯರಿರುತ್ತಾರಲ್ಲ, ಹಾಗೆ. ಪರದೆಗಿಂತ ಸ್ಥಳದಲ್ಲಿರುವ ಮನುಷ್ಯನ ಮಾತಿಗೇ ಅವಳು ಹೆಚ್ಚು ಬೆಲೆ ಕೊಡುತ್ತಾಳೆ. ಹಸಿರು ಚುಕ್ಕೆ ಅವಳಿಗೆ ಎಷ್ಟೋ ಸಲ ಟೋಪಿ ಹಾಕಿದೆ.

ಆ ರೌಟರುಗಳಿಗೆ ಕಂಪನಿ ಇಟ್ಟ ಹೆಸರುಗಳು ಬರೀ ಅಕ್ಷರ, ಅಂಕಿ, ನಾಲಿಗೆ ಹೊರಳುವುದಿಲ್ಲ. ಅದಕ್ಕೆ ಕೋಣೆಯವರೆಲ್ಲ ಸೇರಿ ಅಡ್ಡಹೆಸರಿಟ್ಟಿದ್ದಾರೆ. ಎಲ್ಲಕ್ಕಿಂತ ಹಳೆಯದು 'ಅಜ್ಜಿ'. ದೊಡ್ಡ ಕಂಪನಿಯಿಂದ ಇಂಟರ್ನೆಟ್ ತರುವುದು 'ಬೀಗರು'. ಅಲ್ಲಿ ಏನೇ ತೊಂದರೆಯಾದರೂ ದನಿ ಏರಿಸುವಂತಿಲ್ಲ, ನಗುನಗುತ್ತಲೇ ಮಾತಾಡಬೇಕು. ನಮ್ಮ ಬಡಾವಣೆಯದು ಪೀಠೋಪಕರಣದ ಅಂಗಡಿಯ ತಾರಸಿಯ ಮೇಲೆ ಬೀಗ ಹಾಕಿದ ಕಪಾಟಿನಲ್ಲಿ ಒಬ್ಬಳೇ ಮೆರೆಯುತ್ತಾಳೆ. ಅವಳ ಹೆಸರು 'ರಾಣಿ'.

ಇನ್ನು ಅದೇ ಬಡಾವಣೆಯಲ್ಲಿರುವ ನಮ್ಮ ಸೋದರಮಾವ. ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಚದುರಂಗ ಕಲಿತರು. ಡಿಪೋದಲ್ಲಿ ಅವರನ್ನು ಸೋಲಿಸಿದವರಿಲ್ಲ, ಆದರೆ ಹೊರಗಿನ ಒಂದು ಪಂದ್ಯಾವಳಿಯನ್ನೂ ಅವರು ಕೊನೆಯವರೆಗೆ ಆಡಿದ್ದಿಲ್ಲ. ಸೆಮಿಫೈನಲ್ ಹೊತ್ತಿಗೆ ಸರಿಯಾಗಿ ಡ್ಯೂಟಿ ಬೀಳುತ್ತಿತ್ತು. ಡ್ಯೂಟಿ ಮುಗಿದು ಪುರುಸೊತ್ತಾಗುವಷ್ಟರಲ್ಲಿ ಮಂಡಿ ಕೈಕೊಟ್ಟಿತು, ಮೆಟ್ಟಿಲಿಳಿಯುವುದೇ ಕಷ್ಟವಾಯಿತು. ಹೀಗಿರುವಾಗ ಹಿರಿಯರಿಗಾಗಿಯೇ ಕಂಪ್ಯೂಟರಿನಲ್ಲಿ ನಡೆಯುವ ಪಂದ್ಯಾವಳಿಯೊಂದಕ್ಕೆ ಹೆಸರು ಕೊಟ್ಟರು. ಒಬ್ಬೊಬ್ಬರನ್ನೇ ಉರುಳಿಸುತ್ತಾ ಫೈನಲ್ ತಲುಪಿಬಿಟ್ಟರು. ಆ ಭಾನುವಾರ ಬೆಳಗ್ಗೆಯೇ ಕ್ಷೌರ ಮಾಡಿಕೊಂಡು, ನಾನು ಹೊಲಿದ ಹೊಸ ಅಂಗಿ ತೊಟ್ಟು, ಇಷ್ಟು ವರ್ಷಕ್ಕೆ ಒಂದಾದರೂ ಗೆಲ್ಲಬೇಕು ಕಣೋ ಅಂದರು.

ನಿಯಮ ಬಹಳ ಬಿಗಿ. ಆಟಗಾರನ ಕೋಣೆಗೆ ಯಾರೂ ಹೋಗುವಂತಿಲ್ಲ, ಮಾತಾಡುವಂತಿಲ್ಲ, ಫೋನ್ ಮುಟ್ಟುವಂತಿಲ್ಲ; ಕ್ಯಾಮೆರಾದಲ್ಲಿ ತೀರ್ಪುಗಾರರು ನೋಡುತ್ತಿರುತ್ತಾರೆ. ಇಂಟರ್ನೆಟ್ ಹೋದರೆ ಅದು ಆಟಗಾರನ ಹಣೆಬರಹ. ಅವನ ಸರದಿಯಿದ್ದರೆ ಅವನ ಗಡಿಯಾರ ಓಡುತ್ತಲೇ ಇರುತ್ತದೆ, ಸಮಯ ಮುಗಿದರೆ ಸೋಲು. ಅಕ್ಕ ರಜೆಯ ದಿನವನ್ನೂ ಬಿಟ್ಟು, ರಾಣಿಯನ್ನು ನಾನೇ ನೋಡಿಕೊಳ್ಳುತ್ತೇನೆ ಅಂತ ಕೆಲಸಕ್ಕೆ ಹೋಗಿದ್ದಳು. ನಾನು ಮಾವನ ಮನೆಯ ಅಡುಗೆಕೋಣೆಯ ಬಾಗಿಲಲ್ಲಿ ಫೋನ್ ಹಿಡಿದು ನಿಂತೆ. ಅಲ್ಲಿಂದ ಮಾವನ ಬೆನ್ನೂ ಅವರ ಕಂಪ್ಯೂಟರಿನ ಪರದೆಯೂ ಚೆನ್ನಾಗಿ ಕಾಣುತ್ತಿದ್ದವು.

ಆಟ ಅರ್ಧಕ್ಕೆ ಬಂದಾಗ ಅಕ್ಕನ ಫೋನ್ ಬಂತು. ರಾಣಿಯ ಮೆಮೊರಿ ಊಟದ ಹೊತ್ತಿನಿಂದ ಏರುತ್ತಲೇ ಇದೆ, ಇಳಿಯುವ ಲಕ್ಷಣವಿಲ್ಲ ಅಂದಳು. ಚುಕ್ಕೆ ಈಗಲೂ ಹಸಿರೇ, ಆದರೆ ಹೀಗೇ ತುಂಬಿದರೆ ಸಂಜೆಯೊಳಗೆ ಅವಳು ತಾನಾಗಿ ಬೀಳುತ್ತಾಳೆ. ತಾನಾಗಿ ಬಿದ್ದರೆ ತಾನಾಗಿ ಏಳುವುದಿಲ್ಲ. ಯಾರಾದರೂ ಬೀಗದಕೈ ಹಿಡಿದು ತಾರಸಿಗೆ ಓಡಬೇಕು, ಅಷ್ಟರಲ್ಲಿ ಮಾವನ ಆಟ ಮಣ್ಣುಪಾಲು. ಅದರ ಬದಲು ತಾನೇ ಕೂತಲ್ಲಿಂದ ಮರುಚಾಲನೆ ಮಾಡಿದರೆ ಐದು ನಿಮಿಷದಲ್ಲಿ ಎದ್ದು ಕೂರುತ್ತಾಳೆ.

"ಆ ಐದು ನಿಮಿಷ ಯಾವಾಗ ಅಂತ ನೀನು ಹೇಳ್ಬೇಕು," ಅಂದಳು. "ನಂಗೆ ಆಟ ಗೊತ್ತಿಲ್ಲ. ಎದುರಿನವರ ಸರದಿ ಇದ್ದು, ಅವರು ಚೆನ್ನಾಗಿ ತಲೆ ಕೆಡಿಸ್ಕೊಂಡು ಕೂತಿರೋ ಹೊತ್ತು ನೋಡಿ, 'ಮಾಡು' ಅನ್ನು."

ಎಂಥ ಉಪಾಯ ನೋಡಿ. ಎದುರಾಳಿಯ ಗಡಿಯಾರ ಓಡುವಾಗ ನಮ್ಮ ಇಂಟರ್ನೆಟ್ ಸತ್ತರೆ ನಮಗೇನು ನಷ್ಟ? ಆದರೆ ಎದುರಾಳಿ ಹೆಂಗಸು ಪಾದರಸ. ಮಾವ ಕಾಯಿ ಇಡುವುದೇ ತಡ, ಅವಳ ಉತ್ತರ ಬಂದುಬಿಡುತ್ತಿತ್ತು. ಈಗ ಅನ್ನಲೇ, ಈಗ ಅನ್ನಲೇ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಸರದಿ ಮತ್ತೆ ಮಾವನದು. ಆ ಕಡೆ ಅಕ್ಕ, ತುಂಬುತ್ತಾ ಇದೆ, ತುಂಬುತ್ತಾ ಇದೆ ಅಂತ ಪಿಸುಗುಟ್ಟುತ್ತಲೇ ಇದ್ದಳು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಆಗ ಮಾವ ಒಂದು ನಡೆ ನಡೆದರು. ತಮ್ಮ ರಾಣಿಯನ್ನು, ಹಲಗೆಯ ಮೇಲಿನ ಎಲ್ಲಕ್ಕಿಂತ ದೊಡ್ಡ ಕಾಯಿಯನ್ನು, ಎದುರಾಳಿಯ ಬಾಯಿಗೇ ತೆಗೆದುಕೊಂಡು ಹೋಗಿ ಇಟ್ಟರು. ಇದು ಮರೆವೋ, ಮಸಲತ್ತೋ? ಅವಳು ಕಣ್ಣು ಮಿಟುಕಿಸುವಷ್ಟರಲ್ಲಿ ಅದನ್ನು ಕಬಳಿಸಿದಳು. ನನಗರಿವಿಲ್ಲದೆಯೇ ಫೋನಿನಲ್ಲಿ ಮಾತು ಜಾರಿತು.

"ಅಯ್ಯೋ ಅಕ್ಕಾ, ರಾಣಿ ಬಿತ್ತು."

ಮಾವನಂಥ ಹಳೇ ಕಾಲದವರು ಆ ಕಾಯಿಯನ್ನು 'ಮಂತ್ರಿ' ಅನ್ನುತ್ತಾರೆ. ನಾನೂ ಮಂತ್ರಿ ಅಂದಿದ್ದರೆ ಏನೂ ಆಗುತ್ತಿರಲಿಲ್ಲ. ನನ್ನ ಕರ್ಮ, ಕಂಪ್ಯೂಟರಿನಲ್ಲಿ ಕಲಿತವನು ನಾನು, ರಾಣಿ ಅಂದೆ. ಅಕ್ಕನ ಪರದೆಯಲ್ಲಿ ರಾಣಿಯ ಚುಕ್ಕೆ ಹಸಿರಾಗಿಯೇ ಇತ್ತು. ಆದರೆ ಅವಳು ಚುಕ್ಕೆಯನ್ನು ನಂಬುವವಳೇ? ಸ್ಥಳದಲ್ಲಿರುವ ತಮ್ಮ ಬಿತ್ತು ಅನ್ನುತ್ತಿದ್ದಾನೆ, ಚುಕ್ಕೆ ಕೆಂಪಾಗುವ ಮೊದಲೇ ಎಬ್ಬಿಸಬೇಕು, ಇನ್ನು ಯೋಚಿಸಲು ಏನಿದೆ ಅಂದುಕೊಂಡಳು. ಮರುಚಾಲನೆಯ ಗುಂಡಿ ಒತ್ತಿಬಿಟ್ಟಳು.

ಮಾವನ ಪರದೆಯಲ್ಲಿ ಸಣ್ಣದೊಂದು ಚಕ್ರ ಗರಗರ ತಿರುಗತೊಡಗಿತು. ಸರದಿ ಮಾವನದು. ಗಡಿಯಾರದಲ್ಲಿ ಉಳಿದದ್ದು ಐದು ನಿಮಿಷ ಚಿಲ್ಲರೆ.

ಅವರು ಆಗಲೇ ಆನೆಯನ್ನು ಮುಂದಕ್ಕೆ ತಳ್ಳಿ ಚೆಕ್ ಕೊಟ್ಟಿದ್ದರು. ಅವರ ಪರದೆಯಲ್ಲಿ ಆನೆ ಹೋಗಿ ನಿಂತದ್ದು ನನಗೆ ಕಾಣುತ್ತಿತ್ತು. ಆದರೆ ಆ ನಡೆ ಮನೆಯ ಹೊಸ್ತಿಲು ದಾಟಿರಲಿಲ್ಲ. ನಾನು ಫೋನಿನಲ್ಲಿ ಹಲ್ಲು ಕಚ್ಚಿ, ಬಿದ್ದದ್ದು ಆಟದ ರಾಣಿ, ನಿನ್ನ ರಾಣಿಯಲ್ಲ ಅಂದೆ. ಅಕ್ಕ, ತಡೆಯುವುದಕ್ಕೆ ಆಗುವುದಿಲ್ಲ, ಈಗ ಚುಕ್ಕೆ ಕೆಂಪಾಯಿತು ಅಂದಳು. ಅವಳ ದನಿ ಕೇಳಿ ಬೈಯಲು ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ಆ ಐದು ನಿಮಿಷ ನಾನು ಹೇಗೆ ನಿಂತಿದ್ದೆನೋ ನನಗೇ ಗೊತ್ತಿಲ್ಲ. ಅಕ್ಕ ಅಲ್ಲಿಂದ ವರದಿ ಕೊಡುತ್ತಿದ್ದಳು. ಇನ್ನೂ ಕೆಂಪು. ಇನ್ನೂ ಕೆಂಪು. ಕೂಗಿಗೆ ಉತ್ತರ ಬಂತು, ಎದ್ದಳು, ಆದರೆ ದಾರಿ ಇನ್ನೂ ತೆರೆದಿಲ್ಲ. ಹಳದಿ. ಮಾವ ಮಾತ್ರ ರೈಲ್ವೆ ಗೇಟಿನ ಮುಂದೆ ಬಸ್ ನಿಲ್ಲಿಸಿಕೊಂಡವರ ಹಾಗೆ ಕೈಕಟ್ಟಿ ಕೂತಿದ್ದರು. ನಡುವೆ ಒಮ್ಮೆ ಅವರು ಮುಂದಕ್ಕೆ ಬಾಗಿ ಹಲಗೆಯನ್ನು ನೋಡಿದರು, ನೋಡಿ ಹಣೆಗೆ ಕೈ ಒತ್ತಿಕೊಂಡರು. ಆಗ ನನಗೂ ಕಾಣಿಸಿತು. ಮೊದಲು ಹಾರಬೇಕಾದದ್ದು ಕುದುರೆ. ಅವಸರದಲ್ಲಿ ಆನೆ ತಳ್ಳಿದ್ದಾರೆ, ಅದನ್ನು ಎದುರಾಳಿ ಪುಕ್ಕಟೆ ಹೊಡೆಯಬಹುದು, ಹೊಡೆದರೆ ಆಟ ಅಲ್ಲಿಗೇ ಮುಗಿಯುತ್ತದೆ.

ಚಕ್ರ ನಿಂತಿತು. ಹಸಿರು, ಅಂದಳು ಅಕ್ಕ. ಮಾವನ ಪರದೆ ಒಮ್ಮೆ ಬೆಳ್ಳಗಾಗಿ ಹಲಗೆ ಮತ್ತೆ ಮೂಡಿತು. ನೋಡಿದರೆ ಆನೆ ತನ್ನ ಹಳೇ ಮನೆಯಲ್ಲೇ ನಿಂತಿದೆ. ತಪ್ಪು ನಡೆ ಆಚೆ ಹೋಗಿಯೇ ಇಲ್ಲ. ನಾನು ಕುಣಿಯುವುದೊಂದು ಬಾಕಿ. ಮಾವ, ಕುದುರೆ, ಕುದುರೆ ಅಂತ ಒಳಗೊಳಗೇ ಕೂಗಿಕೊಂಡೆ. ಗಡಿಯಾರದಲ್ಲಿ ಒಂದು ನಿಮಿಷವೂ ಇರಲಿಲ್ಲ.

ಮಾವನ ಮೌಸಿನ ಬಾಣ ಕುದುರೆಯ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಅಲ್ಲಿಂದ ಹಿಂದೆ ಬಂದು, ಆನೆಯನ್ನೇ ಎತ್ತಿ, ಮೊದಲು ಇಟ್ಟಿದ್ದ ಅದೇ ಮನೆಯಲ್ಲಿ ಇಟ್ಟಿತು.

ಡಿಪೋದವರ ಆಟ ಗೊತ್ತಿಲ್ಲದವರಿಗೆ ಇದು ಹುಚ್ಚು ಅನ್ನಿಸಬಹುದು. ಅಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಇಟ್ಟು ಕೈ ಬಿಟ್ಟರೆ ಮುಗಿಯಿತು, ಅಪ್ಪ ಬಂದು ಹೇಳಿದರೂ ಹಿಂದಕ್ಕೆ ತೆಗೆಯುವಂತಿಲ್ಲ. ಮಾವ ಇಟ್ಟಾಗಿತ್ತು, ಕೈ ಬಿಟ್ಟಾಗಿತ್ತು. ನೋಡಿದವರು ಯಾರೂ ಇರಲಿಲ್ಲ ಅನ್ನುವುದು ಅವರಿಗೆ ಲೆಕ್ಕಕ್ಕೇ ಬರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು, ಅದರ ಬೆನ್ನಿಗೇ ಅಳುವೂ ಬಂತು. ಫೋನಿನಲ್ಲಿ ಅಕ್ಕ, ಏನಾಯ್ತೋ, ಏನಾಯ್ತೋ ಅಂತ ಕೇಳುತ್ತಿದ್ದಳು.

ಈಗ ಎದುರಾಳಿಯ ಸರದಿ. ಆನೆ ಅವಳ ಬಾಯಿಯ ಮುಂದೆಯೇ ಇದೆ, ಹೊಡೆದರಾಯಿತು. ಆದರೆ ಪಾದರಸದಂಥ ಆ ಹೆಂಗಸು ಹೊಡೆಯಲಿಲ್ಲ. ಕೂತಳು. ಯೋಚಿಸಿದಳು. ಮತ್ತೂ ಯೋಚಿಸಿದಳು. ಆಗ ನನಗೆ ಹೊಳೆಯಿತು: ನಮ್ಮ ಕಡೆ ಇಂಟರ್ನೆಟ್ ಸತ್ತದ್ದು ಅವಳಿಗೇನು ಗೊತ್ತು? ಅವಳ ಪಾಲಿಗೆ, ಆ ಮುದುಕ ಮಂತ್ರಿಯನ್ನೇ ಬಲಿಕೊಟ್ಟು, ಐದು ನಿಮಿಷ ಅಳೆದು ತೂಗಿ, ಆಮೇಲೆ ಆನೆಯನ್ನು ಪುಕ್ಕಟೆ ಮುಂದಿಟ್ಟಿದ್ದಾನೆ. ಇದರಲ್ಲಿ ಏನೋ ಇದೆ ಅಂತ ಅವಳು ಹೆದರಿದ್ದಾಳೆ.

ಅವಳು ಆನೆಯನ್ನು ಮುಟ್ಟಲೇ ಇಲ್ಲ. ರಾಜನನ್ನು ಮೂಲೆಗೆ ಸರಿಸಿದಳು. ಮಾವನ ಕುದುರೆ ಹಾರಿತು, ಚೆಕ್. ಆ ಮೂಲೆಯಲ್ಲಿ ರಾಜ ಅಲ್ಲಾಡಲು ಜಾಗವೇ ಇರಲಿಲ್ಲ, ಅವಳದೇ ಕಾಯಿಗಳು ಸುತ್ತ ಗೋಡೆ ಕಟ್ಟಿದ್ದವು. ಆಟ ಮುಗಿಯಿತು. ಪರದೆಯ ಮೇಲೆ ಮಾವನ ಹೆಸರಿನ ಪಕ್ಕ 'ವಿಜೇತ' ಅಂತ ಬಂತು.

ನಾನು ಅಡುಗೆಕೋಣೆಯಲ್ಲೇ ಕುಣಿದೆ, ಕಾಲಿಗೆ ತಾಗಿ ಬಕೆಟ್ಟೊಂದು ಉರುಳಿತು. ಫೋನ್ ಕಿವಿಗಿಟ್ಟರೆ ಅಕ್ಕ ಬಿಕ್ಕುತ್ತಿದ್ದಳು. ಮಾವನ ಜನ್ಮದ ಆಸೆಯನ್ನು ತಾನೇ ಕೈಯಾರೆ ಹಾಳು ಮಾಡಿದೆನೆಂದು ಅವಳು ನಿರ್ಧರಿಸಿಬಿಟ್ಟಿದ್ದಳು. ಗೆದ್ದರು ಕಣೇ ಅಂದರೆ ನಂಬುವುದಿಲ್ಲ, ಸಮಾಧಾನಕ್ಕೆ ಹೇಳುತ್ತಿದ್ದೀಯ ಅನ್ನುತ್ತಾಳೆ. ನಾನು ಕೋಣೆಗೆ ನುಗ್ಗಿ ಮಾವನಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಮೆಮೊರಿ ತುಂಬಿದ್ದು, ಐದು ನಿಮಿಷದ ಲೆಕ್ಕಾಚಾರ, ನನ್ನ ಬಾಯಿಂದ ಬಿದ್ದ ರಾಣಿ, ಎಲ್ಲವನ್ನೂ. ಮಾವ ಹೊಟ್ಟೆ ಕುಲುಕಿಸಿಕೊಂಡು ನಕ್ಕರು.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಎದುರಾಳಿಯ ಸಂದೇಶವೊಂದು ಬಂತು. ಅಭಿನಂದನೆ ಹೇಳಿ, ಆ ಆನೆಯ ನಡೆಗೆ ಮುಂಚೆ ಐದು ನಿಮಿಷ ನೀವು ಯೋಚಿಸಿದ್ದೇನು, ದಯವಿಟ್ಟು ಹೇಳಿ, ನಾನು ಕಲಿಯಬೇಕು ಅಂತ ಬರೆದಿದ್ದಳು. ಮಾವ ಅದನ್ನು ಎರಡು ಸಲ ಓದಿದರು. ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಮಗಳೇ, ಕಣ್ಣೊರೆಸ್ಕೋ, ಕೇಳಿಸ್ಕೋ," ಅಂದರು. ಆಮೇಲೆ ನನ್ನ ಕಡೆ ತಿರುಗಿ, ಅಕ್ಕನಿಗೂ ಕೇಳುವ ಹಾಗೆ, ಉತ್ತರ ಏನು ಬರೆಯಬೇಕೆಂದು ಹೇಳಿಕೊಟ್ಟರು.

"ಹೀಗೆ ಬರಿ: ಆ ಐದು ನಿಮಿಷ ನಾನು ಆಡಲಿಲ್ಲ, ನನ್ನ ಅಕ್ಕನ ಮಗಳು ಆಡಿದ್ಲು."